ಫೆಡೆಕ್ಸ್ ಮೆಸೇಜ್: ತಪ್ಪು ನನ್ನದೇ

ನಿನ್ನೆ ರಾತ್ರಿ ಮೈಸೂರಿನ ನಮ್ಮ ಡೆಲಿವರಿ ಹುಡುಗರ ಗ್ರೂಪಿಗೆ ನಾನು ಹಾಕಿದ ಮೆಸೇಜ್ ತಪ್ಪು. ‘ಅಮೆಜಾನ್ ಫೆಡೆಕ್ಸನ್ನು ಕೈಬಿಟ್ಟಿದೆ, ಇನ್ನು ಇಲ್ಲಿನ ಕೊರಿಯರ್‌ಗಳೂ ಬಾಗಿಲು ಹಾಕುತ್ತವೆ’ ಅಂತ ಅದರಲ್ಲಿತ್ತು. ಫೆಡೆಕ್ಸ್ ಅಂದರೆ ಅಮೆರಿಕದ ಕೊರಿಯರ್ ಕಂಪನಿ.

ಬೆಳಿಗ್ಗೆ ಅರಸು ರಸ್ತೆಯಲ್ಲಿ ಒಬ್ಬ ಹುಡುಗ ಬ್ಯಾಗ್ ಕೂಡ ಇಳಿಸದೆ ಕೇಳಿದ: ‘ಅಣ್ಣಾ, ಬೇರೆ ಕೆಲಸ ನೋಡ್ಕೋಬೇಕಾ?’ ಆಮೇಲೆ ಕೂತು ಓದಿದೆ.

ಸುದ್ದಿ 2019ರದು, ಅಮೆರಿಕದ್ದು. ಒಪ್ಪಂದ ಮುಂದುವರಿಸಲ್ಲ ಅಂದದ್ದು ಫೆಡೆಕ್ಸೇ. ಜೂನ್‌ನಲ್ಲಿ ವಿಮಾನದ ಸಾಗಣೆ, ಆಗಸ್ಟ್‌ನಲ್ಲಿ ರಸ್ತೆಯದ್ದು. ಫೆಡೆಕ್ಸ್‌ನ 2018ರ ಆದಾಯದಲ್ಲಿ ಅಮೆಜಾನ್ ಪಾಲು ಶೇ 1.3ಕ್ಕಿಂತ ಕಡಿಮೆ ಅಂತ ಕಂಪನಿಯ ಹೇಳಿಕೆಯಲ್ಲೇ ಇದೆ. 2025ರಲ್ಲಿ ದೊಡ್ಡ ಪಾರ್ಸೆಲ್‌ಗಳಿಗೆ ಮತ್ತೆ ಒಪ್ಪಂದವಾಗಿದೆ. ಮೈಸೂರಿನ ಮಾತು ಎಲ್ಲೂ ಇಲ್ಲ.

ಅಮೆಜಾನ್‌ನಂಥ ದೊಡ್ಡ ಗಿರಾಕಿಯೇ ಸ್ವಂತ ವ್ಯಾನ್, ವಿಮಾನ ಇಟ್ಟುಕೊಂಡರೆ ಭಯ ಸಹಜ ಅಲ್ವಾ. ಆದರೂ ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಮಾಡಿದ್ದರೆ ಅಲ್ಲೂ ಇದನ್ನು ಹಾಕಿ.