'ಗೈಡ್': ಹಾಡು ಉಳಿಯಿತು, ರಾಜು ಕಳೆದುಹೋದ

ದೇವ್ ಆನಂದ್ ಅಭಿಮಾನಿಗಳು ಬೈದರೂ ಪರವಾಗಿಲ್ಲ. 1965ರ 'ಗೈಡ್' ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಹಾಡುಗಳ ಬಗ್ಗೆ ತಕರಾರಿಲ್ಲ. ಎಸ್.ಡಿ. ಬರ್ಮನ್ ಸಂಗೀತಕ್ಕೂ ವಹೀದಾ ರೆಹಮಾನ್ ನೃತ್ಯಕ್ಕೂ ಕೈಮುಗಿದೆ. ಆದರೆ ಈ ಸಿನಿಮಾಕ್ಕೆ ಮೂಲವಾದ ಆರ್.ಕೆ. ನಾರಾಯಣ್ ಅವರ ಕಾದಂಬರಿ ಓದಿದವರು ಹೇಳಿ, ಅದರ ನಾಯಕ ನಮ್ಮ ರಾಜು ಅಲ್ಲಿ ಎಲ್ಲಿದ್ದಾನೆ?

ನಾರಾಯಣ್ ಕಲ್ಪನೆಯ ಊರು ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋದರು ಅನ್ನೋದು ಹಳೇ ದೂರು. ನಾರಾಯಣ್ ಅವರೇ ಇದರ ಬಗ್ಗೆ ನಗಿಸುತ್ತಲೇ ಚುಚ್ಚುವ ಲೇಖನ ಬರೆದಿದ್ದಾರೆ. ಸಿನಿಮಾದವರನ್ನು ಮೈಸೂರಿನ ಸುತ್ತಮುತ್ತ ಓಡಾಡಿಸಿ ತಮ್ಮ ಕಥೆಯ ಜಾಗಗಳನ್ನೆಲ್ಲ ತೋರಿಸಿದರಂತೆ. ಅವರು ಕೊನೆಗೆ ಕ್ಯಾಮೆರಾ ಇಟ್ಟಿದ್ದು ಉದಯಪುರ, ಜೈಪುರದ ಕಡೆ! ಹೋಗಲಿ ಬಿಡಿ, ಊರು ಬದಲಾದರೆ ಸಹಿಸಿಕೊಳ್ಳಬಹುದು. ಮನುಷ್ಯನನ್ನೇ ಬದಲಾಯಿಸಿದರೆ ಹೇಗೆ?

ಕಾದಂಬರಿಯ ರಾಜು ರೈಲ್ವೆ ಸ್ಟೇಷನ್‌ನಲ್ಲಿ ಅಂಗಡಿ ಇಟ್ಟುಕೊಂಡಿದ್ದವನು. ಯಾರು ಏನು ಕೇಳಿದರೂ 'ಗೊತ್ತಿಲ್ಲ' ಅನ್ನೋಕೆ ಅವನಿಗೆ ಬಾಯೇ ಬರಲ್ಲ. ಆ ಚಟದಿಂದಲೇ ಗೈಡ್ ಆದ. ಜೈಲಿಂದ ಬಂದು ಹೊಳೆದಂಡೆಯ ಪಾಳುಗುಡಿಯಲ್ಲಿ ಕೂತಾಗಲೂ ಅದೇ ಕಥೆ. ಹಳ್ಳಿಯವರು ಸ್ವಾಮಿ ಅಂದರು, ಹೊತ್ತು ಹೊತ್ತಿಗೆ ಊಟ ಬರುತ್ತದಲ್ಲ ಅಂತ ಇವನೂ ಸ್ವಾಮಿ ಆದ. ನನಗೆ ಬಲು ಇಷ್ಟವಾದದ್ದು ಬೋಂಡಾ ಪ್ರಸಂಗ. ಒಂದೇ ಥರದ ಊಟ ತಿಂದು ನಾಲಿಗೆ ಕೆಟ್ಟು ಹೋಗಿ, ಭಕ್ತ ವೇಲನ್‌ಗೆ ಬೋಂಡಾ ಹೇಗೆ ಮಾಡಬೇಕು ಅಂತ ಕೂಲಂಕಷವಾಗಿ ಹೇಳಿಕೊಡುತ್ತಾನೆ! ಆಲೂಗಡ್ಡೆ, ಈರುಳ್ಳಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಎಲ್ಲ ಸೇರಿಸಿ. ಆ ಗುಂಗಿನಲ್ಲೇ ಇದ್ದವನ ಕಾಲಿಗೆ ಊರವರು ಬಂದು ಬೀಳುತ್ತಾರೆ. ಮಳೆಗಾಗಿ ಸ್ವಾಮಿ ಉಪವಾಸ ಹಿಡಿದಿದ್ದಾರೆ ಅಂತ ಊರೆಲ್ಲ ಸುದ್ದಿ. ವೇಲನ್‌ನ ಪೆದ್ದ ತಮ್ಮ ಏನೋ ಕೇಳಿಸಿಕೊಂಡು ಇನ್ನೇನೋ ಹೇಳಿದ್ದ. ಉಪವಾಸದ ಶುರುವಿನಲ್ಲಿ ರಾಜು ಪಾತ್ರೆಯಲ್ಲಿ ಉಳಿದಿದ್ದನ್ನು ಕದ್ದು ತಿನ್ನುತ್ತಾನೆ ಕೂಡ. ಹಸಿವು, ಸುಳ್ಳು, ನಾಚಿಕೆ ಎಲ್ಲ ಇರುವ ಸಾಮಾನ್ಯ ಮನುಷ್ಯ. ಸಿನಿಮಾ ಅವನಿಗೆ ಪ್ರಭಾವಳಿ ಕಟ್ಟಿ ಕೂರಿಸಿತು.

ನಾಯಕಿ ರೋಸಿಯ ಗಂಡ ಮಾರ್ಕೋಗೆ ಆಗಿದ್ದು ಇನ್ನೂ ಅನ್ಯಾಯ. ಪುಸ್ತಕದಲ್ಲಿ ಅವನು ಗುಹೆಯ ಚಿತ್ರಗಳಲ್ಲೇ ಮುಳುಗಿದ, ಹೆಂಡತಿಯ ನೃತ್ಯವನ್ನು ಕೀಳಾಗಿ ಕಾಣುವ ಒಣ ಮನುಷ್ಯ. ಆದರೆ ದುಷ್ಟ ಅಲ್ಲ. ರಾಜುವಿನಿಂದಾಗಿ ಹೆಂಡತಿಯನ್ನು ಕಳೆದುಕೊಂಡ ಮೇಲೂ ತನ್ನ ಸಂಶೋಧನಾ ಗ್ರಂಥದಲ್ಲಿ 'ಮಾಲ್ಗುಡಿ ರೈಲ್ವೆ ಸ್ಟೇಷನ್ನಿನ ರಾಜು' ಮಾಡಿದ ಸಹಾಯವನ್ನು ನೆನೆದು ಅಚ್ಚು ಹಾಕಿಸುತ್ತಾನೆ! ಸಿನಿಮಾದಲ್ಲಿ ಅವನನ್ನು ಕುಡುಕ, ಹೆಣ್ಣುಬಾಕ ಮಾಡಿಟ್ಟರು. ಯಾಕೆ? ಗಂಡ ಕೆಟ್ಟವನಾದರೆ ರೋಸಿ ಮನೆ ಬಿಟ್ಟಿದ್ದು ತಪ್ಪಲ್ಲ, ರಾಜು ಅವಳನ್ನು ಕರೆತಂದಿದ್ದೂ ತಪ್ಪಲ್ಲ. ಪ್ರೇಕ್ಷಕರ ಮನಸ್ಸಿಗೆ ಒಂದಿಷ್ಟೂ ಕಸಿವಿಸಿ ಆಗಬಾರದು ನೋಡಿ. ನಾರಾಯಣ್ ಬರೆದದ್ದೇ ಆ ಕಸಿವಿಸಿಯನ್ನು.

ಇನ್ನು ಕೊನೆ. ಪುಸ್ತಕದಲ್ಲಿ ನಿತ್ರಾಣನಾದ ರಾಜುವನ್ನು ಎರಡೂ ಕಡೆ ಹಿಡಿದುಕೊಂಡು ನೀರಿಗಿಳಿಸುತ್ತಾರೆ. ಬೆಟ್ಟದಲ್ಲಿ ಮಳೆ ಬರುತ್ತಿದೆ, ಕಾಲಿಗೆ ಗೊತ್ತಾಗುತ್ತಿದೆ ಅಂತ ವೇಲನ್‌ಗೆ ಹೇಳಿ ಕುಸಿಯುತ್ತಾನೆ. ಅಷ್ಟೇ. ಮಳೆ ಬಂತಾ, ಅವನು ಸತ್ತನಾ, ನಿಜವಾಗಿ ಮಾಗಿದನಾ? ಒಂದಕ್ಕೂ ಉತ್ತರ ಇಲ್ಲ. ಸಿನಿಮಾದಲ್ಲಿ ದೇಹಕ್ಕೂ ಆತ್ಮಕ್ಕೂ ಉದ್ದುದ್ದ ಸಂವಾದ, ಆಮೇಲೆ ಧಾರಾಕಾರ ಮಳೆ. ಅನುಮಾನಕ್ಕೆ ಜಾಗವೇ ಇಲ್ಲ.

'ಹಿಂದಿ ಸಿನಿಮಾ ಅಂದ್ರೆ ಹಾಗೇ ಅಲ್ವಾ' ಅಂತ ಯಾರೋ ಬರೆದೇ ಬರೆಯುತ್ತಾರೆ. ಶಂಕರ್ ನಾಗ್ ಎಂಬತ್ತರ ದಶಕದಲ್ಲಿ ನಾರಾಯಣ್ ಕಥೆಗಳ 'ಮಾಲ್ಗುಡಿ ಡೇಸ್' ಧಾರಾವಾಹಿ ಮಾಡಿ ದೂರದರ್ಶನಕ್ಕೆ ಕೊಟ್ಟದ್ದೂ ಹಿಂದಿಯಲ್ಲೇ. ಚಿತ್ರೀಕರಣ ನಮ್ಮ ಆಗುಂಬೆಯಲ್ಲಿ. ಅಲ್ಲಿ ನಾರಾಯಣ್ ಕಥೆಯ ಪುಟ್ಟ ಹುಡುಗ ಸ್ವಾಮಿ ಸ್ವಾಮಿಯಾಗೇ ಉಳಿದ. ಪರೀಕ್ಷೆಗೆ ಹೆದರುವ, ಅಪ್ಪನ ಕಣ್ತಪ್ಪಿಸುವ ಹುಡುಗ. ಅವನನ್ನು ದೊಡ್ಡ ಹೀರೋ ಮಾಡುವ ಹುಕಿ ಶಂಕರ್ ನಾಗ್‌ಗೆ ಬರಲಿಲ್ಲ.

ತಮಾಷೆ ಏನು ಗೊತ್ತಾ? ಫಿಲಂಫೇರ್‌ನವರು 'ಗೈಡ್'ಗೆ ರಾಶಿ ಪ್ರಶಸ್ತಿ ಕೊಟ್ಟರು. ಅದರಲ್ಲಿ ಅತ್ಯುತ್ತಮ ಕಥೆಯ ಪ್ರಶಸ್ತಿ ನಾರಾಯಣ್ ಅವರಿಗೆ. ಯಾವ ಕಥೆಗೆ ಸ್ವಾಮಿ?