ಸೂಟೆಡ್ ಅಂದ ಮಾತ್ರಕ್ಕೆ ಆಡೋದಾ?

ಟೆಕ್ಸಸ್ ಹೋಲ್ಡೆಮ್ ಪೋಕರಿನಲ್ಲಿ ಕಡಿಮೆ ದುಡ್ಡಿನ ಲಿಮಿಟ್ ಟೇಬಲ್ಲಲ್ಲಿ (ಪಣದ ಮೊತ್ತ ಮೊದಲೇ ನಿಗದಿಯಾಗಿರುವ ಕಡೆ) ಯಾವ ಸೂಟೆಡ್ ಎಲೆ, ಅಂದರೆ ಒಂದೇ ಜಾತಿಯ ಎರಡು ಎಲೆ, ಕೈಗೆ ಬಂದರೂ ಆಡಿ ಅಂದಿದ್ದೀರಿ, ಅದೊಂದನ್ನು ಒಪ್ಪುವುದಿಲ್ಲ ಸಾರ್. ಕೈಯಲ್ಲಿರುವ ಎರಡೂ ಇಸ್ಪೀಟ್ ಜಾತಿಯವೇ ಆದರೂ ಫ್ಲಾಪಿನಲ್ಲೇ (ಟೇಬಲ್ ಮೇಲೆ ಮೊದಲು ತೆರೆಯುವ ಮೂರು ಎಲೆಗಳಲ್ಲೇ) ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗುವುದು 100ಕ್ಕೆ 1 ಸಲಕ್ಕಿಂತ ಕಡಿಮೆ. ಕ್ಯಾಲಿಫೋರ್ನಿಯಾದ 4-8 ಡಾಲರ್ ಟೇಬಲ್ಲಲ್ಲಿ ಸೂಟೆಡ್ ರಾಜ-ಮೂರು ಹಿಡಿದುಕೊಂಡು ನಾನು ಎಷ್ಟು ಸಲ ಕೈ ಸುಟ್ಟುಕೊಂಡಿದ್ದೇನೋ! ಆರೇಳು ಜನ ಸುಮ್ನೆ ಕಾಲ್ ಮಾಡುವ (ಹಿಂದಿನವರ ಪಣಕ್ಕೆ ಸಮ ಹಾಕಿ ಉಳಿಯುವ) ಕಡೆ ಚಿಕ್ಕ ಜೋಡಿಗೆ ಬೆಲೆ ಜಾಸ್ತಿ, ಯಾಕಂದರೆ ಫ್ಲಾಪಿನಲ್ಲಿ ಸೆಟ್ (ಜೋಡಿಗೆ ಅದೇ ಬೆಲೆಯ ಮೂರನೇ ಎಲೆ) ಸಿಗುವುದು 8-9 ಸಲಕ್ಕೆ ಒಮ್ಮೆಯಾದರೂ, ಸಿಕ್ಕಾಗ ದುಡ್ಡು ಕೊಡಲು ಜನ ಇರುತ್ತಾರೆ ಅಲ್ವಾ. ಸೂಟೆಡ್ ಅಲ್ಲದ ರಾಜ-ಗುಲಾಮ ನೋಡಲು ಚೆಂದ, ಆದರೆ ಮೊದಲು ಮಾತಾಡಬೇಕಾದ ಸೀಟಿನಲ್ಲಿದ್ದರೆ ಎಸೆದುಬಿಡುತ್ತೇನೆ. ಜೋಡಿ ಎಕ್ಕ ಮಾತ್ರ ಬಚ್ಚಿಡಬೇಡಿ, ರೈಸ್ ಮಾಡಿ, ಅಂದರೆ ಪಣ ಏರಿಸಿ. 9 ಜನ ಕೊನೆತನಕ ಉಳಿದರೆ ಅದು ಗೆಲ್ಲುವುದು ಸುಮಾರು 3ರಲ್ಲಿ 1 ಸಲ, ಆದರೂ ಲಾಭವೇ.