ಮಂಡಿ ಆಪರೇಷನ್‌ಗೆ ಮುನ್ನ ಅರಿವಳಿಕೆ ವೈದ್ಯರನ್ನೂ ಮಾತನಾಡಿಸಿ

ನಮ್ಮ ಶಿವಮೊಗ್ಗದ ಕಡೆ ಮಂಡಿ ಬದಲಾವಣೆಯ ಮಾತು ಬಂದರೆ ಚರ್ಚೆಯೆಲ್ಲ ಎರಡೇ ವಿಷಯಗಳ ಸುತ್ತ ನಡೆಯುತ್ತದೆ: ಯಾವ ಕಂಪನಿಯ ಕೀಲು ಹಾಕುತ್ತಾರೆ, ಒಟ್ಟು ಖರ್ಚು ಎಷ್ಟಾಗುತ್ತದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿ, ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ನಿಗದಿ ಮಾಡಿದ ಮೇಲೆ ಬೆಲೆಯ ವಿಚಾರದಲ್ಲಿ ಜನ ಧೈರ್ಯವಾಗಿ ಪ್ರಶ್ನೆ ಕೇಳುವುದನ್ನು ಕಲಿತರು. ಅದು ಒಳ್ಳೆಯದೇ. ಆದರೆ ಆಪರೇಷನ್ ಆದ ಮೊದಲ ಎರಡು ಮೂರು ದಿನ ನೋವನ್ನು ಹೇಗೆ ಹಿಡಿತದಲ್ಲಿಡುತ್ತೀರಿ ಎಂದು ಕೇಳಿದವರನ್ನು ನಾನು ಕಂಡದ್ದು ಬಹಳ ಕಡಿಮೆ. ಕಂಪನಿಯ ಹೆಸರಿಗಿಂತ ಮೊದಲು ಕೇಳಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ಕೀಲು ಎಷ್ಟೇ ಉತ್ತಮವಾಗಿದ್ದರೂ ಅದನ್ನು ಮಡಚಿ ಚಾಚಿ ಪಳಗಿಸಬೇಕಾದವರು ರೋಗಿಯೇ. ಮೊದಲ ವಾರಗಳಲ್ಲಿ ಮಂಡಿ ಮಡಚದಿದ್ದರೆ ಒಳಗೆ ಗಾಯದ ಅಂಗಾಂಶ ಬಿಗಿದುಕೊಂಡು ಕಾಲು ಸೆಟೆದುಹೋಗುವ ಅಪಾಯವಿದೆ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಮೆಟ್ಟಿಲು ಹತ್ತಿಳಿಯಲು, ಕುರ್ಚಿಯಿಂದ ಏಳಲು ಸುಮಾರು 90ರಿಂದ 100 ಡಿಗ್ರಿಯಷ್ಟಾದರೂ ಮಂಡಿ ಮಡಚಬೇಕು. ಜಗಲಿಗೆ ಮೆಟ್ಟಿಲು, ಕೊಟ್ಟಿಗೆಗೆ ಮೆಟ್ಟಿಲು, ತೋಟಕ್ಕೆ ದರೆ ಇಳಿದೇ ಹೋಗಬೇಕಾದ ನಮ್ಮ ಮನೆಗಳಲ್ಲಿ ಅಷ್ಟು ಮಡಚದ ಕಾಲನ್ನು ಇಟ್ಟುಕೊಂಡು ಬದುಕುವುದು ಕಷ್ಟ. ನೋವು ತಡೆಯಲಾಗದವರು ಫಿಸಿಯೋಥೆರಪಿಯವರು ಬಂದ ಕೂಡಲೇ ಕಾಲು ಮುಟ್ಟಲು ಬಿಡುವುದಿಲ್ಲ.

ನರ್ವ್ ಬ್ಲಾಕ್, ಅಂದರೆ ನರದ ಬಳಿ ಮದ್ದು ಕೊಟ್ಟು ನೋವು ತಡೆಯುವ ಕ್ರಮ, ಉಪಯೋಗಕ್ಕೆ ಬರುವುದು ಇಲ್ಲಿ. ಆಪರೇಷನ್ ಮಾಡಲು ಬೆನ್ನಿಗೆ ಕೊಡುವ ಇಂಜೆಕ್ಷನ್‌ನ ಪರಿಣಾಮ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಆಮೇಲಿನ ನೋವಿಗಾಗಿ ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡುತ್ತಾ, ನರದ ಪಕ್ಕಕ್ಕೆ ಸೂಜಿ ಒಯ್ದು, ರೊಪಿವಕೇನ್ ಅಥವಾ ಬುಪಿವಕೇನ್‌ನಂತಹ ಮದ್ದನ್ನು ಬಿಡುತ್ತಾರೆ. ನೋವಿನ ಸಂದೇಶ ಆ ನರದಲ್ಲಿ ಮುಂದೆ ಹೋಗುವುದಿಲ್ಲ. ಹಿಂದೆ ಹೆಚ್ಚಾಗಿ ತೊಡೆಸಂದಿಯ ಬಳಿ ಫೆಮೋರಲ್ ನರಕ್ಕೇ ಬ್ಲಾಕ್ ಕೊಡುತ್ತಿದ್ದರು. ನೋವು ಚೆನ್ನಾಗಿ ಇಳಿಯುತ್ತಿತ್ತು, ಆದರೆ ತೊಡೆಯ ಮುಂಭಾಗದ ಸ್ನಾಯು ಸೋತು, ಎದ್ದು ನಿಂತವರ ಮಂಡಿ ಕುಸಿದು ಬೀಳುವ ಅಪಾಯವಿತ್ತು. ಈಗ ತೊಡೆಯ ನಡುಭಾಗದಲ್ಲಿ ಕೊಡುವ ಅಡಕ್ಟರ್ ಕೆನಾಲ್ ಬ್ಲಾಕ್ ಹೆಚ್ಚು ರೂಢಿಗೆ ಬಂದಿದೆ. ಅದು ಮುಖ್ಯವಾಗಿ ಸ್ಪರ್ಶದ ನರಗಳನ್ನು ಮಂಕಾಗಿಸಿ ಸ್ನಾಯುವಿನ ಬಲವನ್ನು ಬಹುಪಾಲು ಉಳಿಸುತ್ತದೆ. ಮಂಡಿಯ ಹಿಂಬದಿಯ ನೋವು ಅದಕ್ಕೆ ಬಗ್ಗುವುದಿಲ್ಲವಾದ್ದರಿಂದ ಐಪ್ಯಾಕ್ ಎಂಬ ಇನ್ನೊಂದು ಬ್ಲಾಕನ್ನು ಜೊತೆಗೆ ಕೊಡುವವರೂ ಇದ್ದಾರೆ.

ಆದರೆ ಒಂದು ಬಾರಿಯ ಬ್ಲಾಕ್ ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಮುಗಿಯುತ್ತದೆ. ಈ ಮಾತನ್ನು ನಮ್ಮ ಚಿಕ್ಕಮ್ಮನಿಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಯಾರೂ ಹೇಳಿರಲಿಲ್ಲ. ಸಂಜೆ ವಾಕರ್ ಹಿಡಿದು ಬಾಗಿಲತನಕ ನಡೆದವರು, "ನೋವೇ ಇಲ್ಲ ಮಾರಾಯ, ಸುಮ್ಮನೆ ಮಾತ್ರೆ ಯಾಕೆ ನುಂಗೋದು" ಎಂದು ಮಾತ್ರೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. ನಡುರಾತ್ರಿ ಬ್ಲಾಕ್ ಇಳಿದಾಗ ನೋವು ಒಮ್ಮೆಲೇ ಏರಿತು. ಆಪರೇಷನ್ನೇ ಕೆಟ್ಟಿತೇನೋ ಎಂದು ಮನೆಯವರೆಲ್ಲ ಗಾಬರಿಯಾದರು, ಮರುದಿನ ಬೆಳಿಗ್ಗೆ ಅವರು ಮಂಡಿ ಮಡಚಲು ಒಪ್ಪಲಿಲ್ಲ. ಬ್ಲಾಕ್ ಕೆಲಸ ಮಾಡುತ್ತಿರುವಾಗಲೇ ಪ್ಯಾರಾಸಿಟಮಾಲ್ ಮೊದಲಾದ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಶುರು ಮಾಡಿದ್ದರೆ ಆ ರಾತ್ರಿ ಅಷ್ಟು ಕಠಿಣವಾಗುತ್ತಿರಲಿಲ್ಲ. ನರದ ಪಕ್ಕ ಕೆಥೀಟರ್ ಎಂಬ ಸಣ್ಣ ಕೊಳವೆ ಇಟ್ಟು ಎರಡು ಮೂರು ದಿನ ಮದ್ದು ಹರಿಸುವ ಕ್ರಮವೂ ಇದೆ, ಎಲ್ಲ ಕಡೆ ಅದಕ್ಕೆ ಬೇಕಾದ ಸಿಬ್ಬಂದಿ ಇರುವುದಿಲ್ಲ.

ನಮ್ಮ ಹಿರಿಯರಿಗೆ ನೋವು ಹೇಳಿಕೊಳ್ಳುವುದೇ ಸಂಕೋಚ. ವರ್ಷಗಟ್ಟಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಹೆಂಗಸರಂತೂ "ಎಷ್ಟಿದೆ ನೋವು" ಎಂದು ಕೇಳಿದರೆ "ಅಡ್ಡಿಲ್ಲ" ಎಂದುಬಿಡುತ್ತಾರೆ. ಆ ಉತ್ತರವನ್ನು ನಂಬಿ ಮಾತ್ರೆ ತಪ್ಪಿಸುವ ಬದಲು, ಕಾಲು ಎತ್ತುತ್ತಾರೋ, ನಿದ್ದೆ ಮಾಡಿದರೋ ಎಂದು ನೋಡುವುದು ಮೇಲು.

ಬ್ಲಾಕ್‌ಗೂ ಅಪಾಯಗಳಿವೆ. ನರಕ್ಕೆ ಪೆಟ್ಟು, ಸೋಂಕು, ರಕ್ತಸ್ರಾವ ಇವು ಅಪರೂಪ. ಮದ್ದು ರಕ್ತಕ್ಕೆ ಹೆಚ್ಚಾಗಿ ಸೇರಿದರೆ ತುಟಿ ಜೋಮು ಹಿಡಿಯುವುದು, ಕಿವಿ ಗುಂಯ್‌ಗುಡುವುದು, ಮುಂದುವರಿದರೆ ಫಿಟ್ಸ್ ಬರುವುದೂ ಉಂಟು, ಅದಕ್ಕೆ ಲಿಪಿಡ್ ಎಮಲ್ಷನ್ ಎಂಬ ಪ್ರತಿಮದ್ದು ಇದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹಿಂದೆ ಇಂತಹ ಮದ್ದಿಗೆ ಅಲರ್ಜಿಯಾದವರು ಅದನ್ನು ಮುಚ್ಚಿಡಬಾರದು. ಅಡಕ್ಟರ್ ಕೆನಾಲ್ ಬ್ಲಾಕ್ ಕೊಟ್ಟಿದ್ದರೂ ಮೊದಲ ದಿನ ಯಾರ ಸಹಾಯವೂ ಇಲ್ಲದೆ ಬಚ್ಚಲಿಗೆ ಹೋಗುವುದು ಬೇಡ.

ಆಸ್ಪತ್ರೆಗಳಲ್ಲಿ ನಾನು ಬಯಸುವುದು ದೊಡ್ಡದೇನಲ್ಲ. ಯಾವ ಬ್ಲಾಕ್ ಕೊಟ್ಟರು, ಎಷ್ಟು ಹೊತ್ತಿಗೆ ಇಳಿಯಬಹುದು, ಅದಕ್ಕೆ ಮೊದಲು ಯಾವ ಮಾತ್ರೆ ನುಂಗಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಜೊತೆಗಿರುವವರ ಕೈಗೆ ಕೊಡಲಿ. ಮನೆಗೆ ಹೊರಡುವಾಗಲೂ ಇಂತಹದ್ದೇ ಚೀಟಿ ಬೇಕು. ಮಳೆಗಾಲದಲ್ಲಿ ಹೊಸನಗರ, ಆಗುಂಬೆ ಕಡೆಯ ಒಳಹಳ್ಳಿಗಳಲ್ಲಿ ರಾತ್ರಿ ನೋವು ಏರಿದರೆ ಶಿವಮೊಗ್ಗಕ್ಕೆ ಬರುವುದು ಸುಲಭವಲ್ಲ. ಆಗ ಮೆಡಿಕಲ್ ಶಾಪ್‌ನಿಂದ ಕೈಗೆ ಸಿಕ್ಕಿದ ನೋವಿನ ಮಾತ್ರೆ ತಂದು ನುಂಗಿಸುತ್ತಾರೆ, ಶುಗರ್ ಇರುವ, ಮೊದಲೇ ಕಿಡ್ನಿ ಸೋತಿರುವ ಹಿರಿಯರಿಗೆ ಆ ಮಾತ್ರೆಗಳಲ್ಲಿ ಹಲವು ಒಗ್ಗುವುದಿಲ್ಲ.